ನಮ್ಮ ಭಾವನ ಕಟ್ಟಳೆಗಳೂ ಭಾನುವಾರದ ಕುರಿಮಂದೆಯೂ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಭಾವನ ಮನೆಗೆ ಕಳ್ಳರು ನುಗ್ಗಿದರೆ ಭಾವ ಖಂಡಿತ ಹೆದರುವುದಿಲ್ಲ. ಆದರೆ ಆ ಕಳ್ಳರು ಬಾಗಿಲಲ್ಲಿ ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ಒಳಗೆ ಬಂದರೋ, ಸುಮ್ಮನೆ ಬಿಡುವ ಆಸಾಮಿಯಲ್ಲ! ಮೊದಲು ಚಪ್ಪಲಿ ನೆಟ್ಟಗೆ ಇಡಿಸಿ ಆಮೇಲೆ ಬೀರು ತೋರಿಸುತ್ತಾರೆ. ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅಂತೀರಾ? ಸ್ವಲ್ಪ ಮಾಡುತ್ತಿದ್ದೇನೆ. ಬಾಮೈದನಾಗಿ ಹುಟ್ಟಿದ ಮೇಲೆ ಅಷ್ಟೂ ಹಕ್ಕು ಬೇಡವೇ?

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆಯಲ್ಲಿ ಭಾವ, ಆಫೀಸಿನಲ್ಲಿ ನನ್ನ ಮೇಲಧಿಕಾರಿ, ಆಫೀಸೂ ಅವರದೇ. ಹೀಗೆ ಎರಡೂ ಕಡೆಯಿಂದ ಸಿಕ್ಕಿಹಾಕಿಕೊಂಡ ಪ್ರಾಣಿ ಚಳ್ಳಕೆರೆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ನಮ್ಮ ಆಫೀಸು ಮುಚ್ಚಿಹೋದ ಒಂದು ಎಣ್ಣೆ ಮಿಲ್ಲಿನ ಮಹಡಿಯ ಮೇಲಿದೆ. ಮಿಲ್ಲು ನಿಂತು ಎಷ್ಟೋ ಕಾಲವಾದರೂ ಗೋಡೆಗಳಿಗೆ ಶೇಂಗಾ ಹಿಂಡಿಯ ವಾಸನೆ ಹೋಗಿಲ್ಲ. ಅಲ್ಲಿ ಕೂತು ನಾವು ವ್ಯಾಪಾರಸ್ಥರಿಗೆ ವೆಬ್ ಆ್ಯಪ್ ಮಾಡಿಕೊಡುತ್ತೇವೆ. ನಮ್ಮ ಪಾಲಿನದು ಫ್ರಂಟ್ ಎಂಡ್, ಅಂದರೆ ಜನರ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಭಾಗ: ಸ್ಕ್ರೀನು, ಬಟನ್ನು, ವಿವರ ತುಂಬುವ ಜಾಗ. ಸ್ಕ್ರೀನಿನ ಹಿಂದಿನ ಲೆಕ್ಕಾಚಾರವೆಲ್ಲ ಬೇರೆ ಊರಿನವರ ತಲೆನೋವು.

ಹಲವರು ಸೇರಿ ಒಂದು ಆ್ಯಪ್ ಕಟ್ಟುವಾಗ ಎಲ್ಲರೂ ಒಂದೇ ರೀತಿ ಕೋಡ್ ಬರೆಯಬೇಕು, ಹೆಸರುಗಳನ್ನು ಒಂದೇ ರೀತಿ ಇಡಬೇಕು ಎಂಬ ಕಟ್ಟಳೆ ಎಲ್ಲ ಆಫೀಸಿನಲ್ಲೂ ಇರುತ್ತದೆ. ಸರಿಯಾದದ್ದೇ. ಆದರೆ ಎಲ್ಲ ಕಡೆ ಆ ಕಟ್ಟಳೆ ಸಂಜೆ ಆಫೀಸಿನ ಬಾಗಿಲು ಹಾಕಿದಾಗ ಒಳಗೇ ಉಳಿಯುತ್ತದೆ. ನಮ್ಮಲ್ಲಿ ಅದು ಭಾವನ ಸ್ಕೂಟರ್ ಹತ್ತಿ ಮನೆಗೆ ಬರುತ್ತದೆ!

ಇದು ಹೊಸ ರೋಗವೂ ಅಲ್ಲ. ಅಕ್ಕನ ಮದುವೆ ಗೊತ್ತಾಗಿ ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಗಂಡಿನ ಕಡೆಯವರು ಒಮ್ಮೆ ನೋಡಲಿ ಎಂದು ಅಪ್ಪ ನನ್ನ ಕೈಯಲ್ಲಿ ಕಳಿಸಿದ್ದ. ಗಂಡು ಅದನ್ನು ಓದಿದ. ಮತ್ತೆ ಓದಿದ. ಕೆಂಪು ಪೆನ್ನು ಕೇಳಿದ. 'ಒಂದು ಕಡೆ ಚಿ. ಅಂತಿದೆ, ಇನ್ನೊಂದು ಕಡೆ ಚಿರಂಜೀವಿ ಅಂತಿದೆ. ಎರಡರಲ್ಲಿ ಒಂದನ್ನು ಆರಿಸಿ ಎಲ್ಲ ಕಡೆ ಅದನ್ನೇ ಹಾಕಿಸುವುದು' ಎಂದು ಅಂಚಿನಲ್ಲಿ ಬರೆದು ವಾಪಸ್ ಕಳಿಸಿದ. ಅಪ್ಪ ಬಹಳ ಹೊತ್ತು ಆ ಕೆಂಪು ಗೆರೆಗಳನ್ನೇ ನೋಡಿದ.

"ಏನಂತೆ ಗಂಡಿನ ಕಡೆಯೋರು?" ಎಂದು ಅವ್ವ ಗಾಬರಿಯಿಂದ ಕೇಳಿದಳು.

"ವರದಕ್ಷಿಣೆ ಕೇಳಿಲ್ಲ ಕಣೇ. ಬರೀ ತಿದ್ದುಪಡಿ ಕೇಳ್ಯಾನೆ. ಕೊಟ್ಬಿಡಾಣ ಹುಡುಗೀನ."

ಕೊಟ್ಟೆವು. ಅಕ್ಕ ಇವತ್ತಿಗೂ ಅಪ್ಪನನ್ನು ಕ್ಷಮಿಸಿಲ್ಲ ಎಂದು ಹೇಳುತ್ತಾಳೆ, ನಗುತ್ತಲೇ ಹೇಳುತ್ತಾಳೆ.

ಆಫೀಸಿನ ಕಟ್ಟಳೆಗಳ ಕಡೆ ಬರೋಣ. ಸಾಲಿನ ಆರಂಭದಲ್ಲಿ ಒಂದು ಖಾಲಿ ಜಾಗ ಹೆಚ್ಚಾದರೆ ಭಾವನಿಗೆ ಊಟ ಸೇರುವುದಿಲ್ಲ. ಕಂಪ್ಯೂಟರಿಗೆ ಅದರಿಂದ ಏನೂ ತೊಂದರೆಯಿಲ್ಲ, ತೊಂದರೆಯೆಲ್ಲ ಇವರಿಗೇ! ಬಟನ್ನಿನ ಬಣ್ಣವನ್ನು ಯಾರೂ ಕೈಯಾರೆ ಬರೆಯುವಂತಿಲ್ಲ, ಬಣ್ಣಗಳಿಗೆಂದೇ ಇರುವ ಒಂದು ಫೈಲಿನಿಂದ ತೆಗೆದುಕೊಳ್ಳಬೇಕು. ಅಳಿಸುವ ಬಟನ್ ಕೆಂಪು, ಉಳಿಸುವ ಬಟನ್ ಹಸಿರು. ತಾರೀಖು ಬರೆಯುವಾಗ ಮೊದಲು ದಿನ, ಆಮೇಲೆ ತಿಂಗಳು, ತಿಂಗಳು ಅಕ್ಷರದಲ್ಲೇ ಇರಬೇಕು. ಫೈಲಿಗೆ 'ಹೊಸದು' ಅಂತ ಹೆಸರಿಡುವಂತಿಲ್ಲ. ಯಾಕೆ ಭಾವ ಎಂದು ನಾನು ಒಮ್ಮೆ ಕೇಳಿದೆ.

"ಲೇ, ನಿಮ್ಮೂರ ಹತ್ರ ಹೊಸಹಳ್ಳಿ ಅಂತ ಒಂದು ಹಳ್ಳಿ ಐತಲ್ಲ, ಅದು ಹೊಸದಾ?"

"ಇಲ್ಲ. ನಮ್ಮ ಮುತ್ತಜ್ಜನ ಕಾಲದ್ದು."

"ಮತ್ತೆ? ನೀನು ಇವತ್ತು ಹೊಸದು ಅಂತ ಇಟ್ಟ ಹೆಸರು ನಾಳೆ ಮುದಿಯಾಗ್ತದೆ. ಬದಲಾಯಿಸು ಹೋಗು."

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ? ಉಂಟು, ಅಕ್ಕ ಗೆದ್ದಿದ್ದಾಳೆ. ನಮ್ಮ ಟೀಮಿನ ಅನಿತಾ ಒಮ್ಮೆ, ಏನಾದರೂ ಎಡವಟ್ಟಾದರೆ ಸ್ಕ್ರೀನಿನ ಮೇಲೆ 'ಏನೋ ತಪ್ಪಾಗಿದೆ' ಎಂದು ಬರುವಂತೆ ಮಾಡಿದ್ದಳು. ಭಾವ ಅವಳ ಕುರ್ಚಿಯ ಪಕ್ಕಕ್ಕೇ ಬಂದು ನಿಂತರು.

"ಏನೋ ಅಂದ್ರೆ ಏನಮ್ಮಾ?"

"ಗೊತ್ತಿಲ್ಲ ಸಾರ್. ಏನೋ."

"ಹೊಲದಾಗೆ ನಿಂತಿರೋನು ಪಾಪ, ಫೋನ್ ಹಿಡ್ಕೊಂಡು 'ಏನೋ ತಪ್ಪಾಗಿದೆ' ಅಂತ ಓದಿದ್ರೆ, ಹಾವು ಗೀವು ಕಚ್ತೇನೋ ಅಂತ ಕಾಲು ನೋಡ್ಕೊಂತಾನೆ! ಏನಾಗೈತೆ ಅಂತ ಹೇಳ್ಬೇಕು. ಮುಂದೆ ಏನ್ ಮಾಡ್ಬೇಕು ಅಂತಾನೂ ಹೇಳ್ಬೇಕು."

ಅವತ್ತಿನಿಂದ ಅದೂ ಕಟ್ಟಳೆಯಾಯಿತು. ಅದೇ ಸಂಜೆ ನಾನು ಅವರ ಮನೆಯಲ್ಲೇ ಊಟಕ್ಕಿದ್ದೆ. ಅಕ್ಕ ದಣಿದಿದ್ದಳು. ತಟ್ಟೆ ಇಟ್ಟು, "ಏನೋ ಒಂದು ಸಾರು ಮಾಡಿದೀನಿ, ಉಣ್ರಿ" ಅಂದಳು.

"ಏನೋ ಅಂದ್ರೆ?" ಭಾವ ಬಾಯಿ ತಪ್ಪಿ ಕೇಳಿಯೇಬಿಟ್ಟರು.

ಅಕ್ಕ ಸಾರಿನ ಪಾತ್ರೆಯನ್ನು ಎತ್ತಿಕೊಂಡಳು. "ಆಗಿರೋದು ಏನಂದ್ರೆ, ಸಾರು ಖಾಲಿ. ಮುಂದೆ ಮಾಡ್ಬೇಕಾದ್ದು ಏನಂದ್ರೆ, ಹೋಟೆಲಿಗೆ ಹೋಗೋದು. ಸರಿಯಾಗೈತಾ ಕಟ್ಟಳೆ?"

ಭಾವ ಒಂದು ತಪ್ಪನ್ನೂ ಹಿಡಿಯಲಾಗದೆ ಎದ್ದು ಸ್ಕೂಟರಿನ ಕೀಲಿ ಹುಡುಕಿದರು. ಅಕ್ಕ ಆಮೇಲೆ ಬಡಿಸಿದಳು ಬಿಡಿ.

ಇಷ್ಟೆಲ್ಲ ಇರುವಾಗ ನಮಗೆ ಒಂದು ಅಪರೂಪದ ಕೆಲಸ ಬಂತು. ನಮ್ಮ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುವ ಪದ್ಧತಿಯಿದೆ. ಕುರಿಗಾರರು ಸಂಜೆ ಬಂದು ಬಲೆ ಕಟ್ಟಿ ಮಂದೆಯನ್ನು ಕೂಡಿಹಾಕುತ್ತಾರೆ, ಬೆಳಿಗ್ಗೆ ಎಬ್ಬಿಸಿಕೊಂಡು ಹೋಗುತ್ತಾರೆ. ರಾತ್ರಿಯಿಡೀ ಬಿದ್ದ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಯಾರ ಮಂದೆ ಯಾವ ಹೊಲಕ್ಕೆ ಎನ್ನುವುದನ್ನು ಫೋನಿನಲ್ಲೇ ಗೊತ್ತು ಮಾಡಿಕೊಳ್ಳುವ ಹಾಗೆ ಒಂದು ಆ್ಯಪ್ ಬೇಕು ಎಂದು ಮೊಳಕಾಲ್ಮೂರಿನ ಒಬ್ಬ ಗೊಬ್ಬರದಂಗಡಿ ಯಜಮಾನರು ಬಂದರು. ಚೀಲದ ಗೊಬ್ಬರ ಮಾರುವವರಿಗೆ ಕುರಿ ಗೊಬ್ಬರದ ಮೇಲೂ ಕಣ್ಣು! ವ್ಯಾಪಾರವೆಂದರೆ ಹಾಗಿರಬೇಕು.

ಈ ಕೆಲಸಕ್ಕೆಂದೇ ಸೇರಿದವನು ಓಬಳೇಶ. ದೇವಸಮುದ್ರದ ಕಡೆಯ ಕುರಿಗಾರರ ಮನೆಯವನು, ಬಿ.ಸಿ.ಎ. ಮುಗಿಸಿದ್ದ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಹೆದರಿದಾಗ ಎರಡೂ ಒಟ್ಟಿಗೆ. ಈ ಹಂಗಾಮು ಮುಗಿಯುವಷ್ಟರಲ್ಲಿ ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಅಪ್ಪನ ಮಂದೆಯ ಹಿಂದೆ ಹೊರಡಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಕುರಿಗಳೆಂದರೆ ಅವನಿಗೆ ಪ್ರಾಣವೇ. ಆದರೆ ಈ ಕೆಲಸ ಅದಕ್ಕಿಂತ ಪ್ರಾಣ. "ನಾನು ಬರ್ದಿದ್ದು ಒತ್ತಿದ್ರೆ ಅದು ಆಗ್ತದಲ್ಲ ಸಾರ್, ಅದನ್ನ ನೋಡ್ತಾನೇ ಇರ್ಬೇಕು ಅನ್ನಿಸ್ತದೆ" ಎಂದು ಒಮ್ಮೆ ನನ್ನ ಹತ್ತಿರ ನಾಚಿಕೊಂಡು ಹೇಳಿದ್ದ.

ಬಂದ ಹೊಸತರಲ್ಲೇ ಕಟ್ಟಳೆಗೆ ಡಿಕ್ಕಿ ಹೊಡೆದ. ಕೋಡಿನಲ್ಲಿ ಅನಿತಾ ಕುರಿಗೆ ಕುರಿ ಎಂದೇ ಹೆಸರಿಟ್ಟಿದ್ದಳು, ನಾನು ಇಂಗ್ಲಿಷಿನಲ್ಲಿ ಶೀಪ್ ಎಂದಿದ್ದೆ, ಇವನು ತೆಲುಗಿನಲ್ಲಿ ಗೊರ್ರೆ ಎಂದ. ಮೂರು ಫೈಲಿನಲ್ಲಿ ಮೂರು ಜಾತಿ ಪ್ರಾಣಿ! ಭಾವ ಸಭೆ ಕರೆದರು. ಒಂದು ವಸ್ತುವಿಗೆ ಒಂದೇ ಹೆಸರು, ಯಾವುದೆಂದು ಈಗಲೇ ತೀರ್ಮಾನವಾಗಲಿ ಎಂದರು. ಓಬಳೇಶ ಹೆದರುತ್ತಲೇ ಕೈಯೆತ್ತಿದ.

"ಸಾರ್, ನಮ್ಮನೇಲಿ ಬರೀ ಕುರಿ ಅಂತ ಯಾರೂ ಅನ್ನಲ್ಲ. ಮರಿ ಬೇರೆ, ಟಗರು ಬೇರೆ, ಈದಿರೋದು ಬೇರೆ, ಈಯೋದು ಬೇರೆ. ಕರೇದು ಬೇರೆ, ಮೂತಿ ಬಿಳೇದು ಬೇರೆ..."

"ಸಾಕು ಸಾಕು. ಹೊಲದಾಗೆ ಹಿಕ್ಕೆ ಹಾಕೋವಾಗ ಎಲ್ಲವೂ ಒಂದೇ ತಾನೆ?"

"ಹೌದು ಸಾರ್."

"ಹಂಗಾದ್ರೆ ಕುರಿ."

ಹೀಗೆ ಕುರಿಗಳ ನಾಮಕರಣ ಮುಗಿಯಿತು. ಆದರೂ ಓಬಳೇಶನ ಕೋಡನ್ನು ಭಾವ ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ನಮ್ಮಲ್ಲಿ ಯಾರು ಏನೇ ಬರೆದರೂ ಇನ್ನೊಬ್ಬರು ನೋಡಿ ಒಪ್ಪಿದ ಮೇಲೇ ಅದು ಆ್ಯಪಿಗೆ ಸೇರುವುದು. ಅದಕ್ಕೆ ರಿವ್ಯೂ ಎನ್ನುತ್ತೇವೆ. ಓಬಳೇಶನ ರಿವ್ಯೂ ಎಂದರೆ ಮತ್ತೆ ಮತ್ತೆ ವಾಪಸು. ಅವನ ಮುಖ ದಿನದಿನಕ್ಕೂ ಸಣ್ಣಗಾಗುತ್ತಿತ್ತು. ಭಾವ ಇವನನ್ನು ಉಳಿಸಿಕೊಳ್ಳುವುದಿಲ್ಲ ಎಂದು ಅವನಿಗೂ ಅನ್ನಿಸಿತ್ತು, ನನಗೂ ಅನ್ನಿಸಿತ್ತು.

ಒಮ್ಮೆ ಯಜಮಾನರ ಅಂಗಡಿಗೆ ಹೋಗಿ ಬರುವಾಗ ಎಲ್ಲರೂ ಅದೇ ಕಡೆಯ ಬ್ರಹ್ಮಗಿರಿಗೆ ಹೋದೆವು. ಬಂಡೆಯ ಮೇಲಿನ ಶಾಸನವನ್ನು ಭಾವ ಕಂಬಿಯಾಚೆಗೆ ಬಗ್ಗಿ ನೋಡಿದರು. ಸಾಲುಗಳು ಅವರಿಗೆ ಹಿಡಿಸಿದವು. ಅಕ್ಷರಗಳೂ ಹಿಡಿಸಿದವು. ಅಷ್ಟರಲ್ಲಿ ಅಲ್ಲಿದ್ದ ಕಾವಲುಗಾರ ಹುಮ್ಮಸ್ಸಿನಿಂದ, ಇಡೀ ಶಾಸನ ಒಂದು ಲಿಪಿಯಲ್ಲಿದೆ, ಕೆತ್ತಿದವನು ಕೊನೆಯ ಒಂದು ಪದವನ್ನು ಮಾತ್ರ ಬೇರೆ ಲಿಪಿಯಲ್ಲಿ, ಅದೂ ಬಲದಿಂದ ಎಡಕ್ಕೆ ಬರೆದುಬಿಟ್ಟಿದ್ದಾನೆ ಎಂದು ವಿವರಿಸಿದ. ಭಾವನ ಮುಖ ಕಪ್ಪಿಟ್ಟಿತು.

"ಇದನ್ನ ಯಾರ್ರೀ ನೋಡಿ ಒಪ್ಪಿದ್ದು?"

"ಅಶೋಕ ಚಕ್ರವರ್ತಿ ಸಾರ್."

"ಓದದೇ ಒಪ್ಪ್ಯಾನೆ" ಎಂದು ಭಾವ ತೀರ್ಪು ಕೊಟ್ಟು ಬಂಡೆಗೆ ಬೆನ್ನು ಮಾಡಿದರು. ಇಷ್ಟು ಶತಮಾನ ಮಳೆ ಗಾಳಿಗೆ ಜಗ್ಗದ ಶಾಸನ ನಮ್ಮ ಭಾವನ ರಿವ್ಯೂನಲ್ಲಿ ಫೇಲಾಯಿತು ನೋಡಿ!

ಆ್ಯಪ್ ಸಿದ್ಧವಾಯಿತು. ಹೊಲದವರಿಗೆ ಒಂದು ಸ್ಕ್ರೀನು, ಅದನ್ನು ಬರೆದವಳು ಅನಿತಾ. ಕುರಿಗಾರರಿಗೆ ಇನ್ನೊಂದು, ಅದನ್ನು ಬರೆದವನು ಓಬಳೇಶ. ರೈತ ತನಗೆ ಬೇಕಾದ ದಿನ ಒತ್ತಿದರೆ ಕುರಿಗಾರನ ಫೋನಿಗೆ ಆ ದಿನ ಹೋಗುತ್ತದೆ. ಎಷ್ಟು ಸಲೀಸು! ಮೊದಲ ನಿಜವಾದ ಬುಕಿಂಗ್ ಬಂದಾಗ ನಾವೆಲ್ಲ ಮೈಸೂರು ಪಾಕು ತಿಂದೆವು. ಭಾನುವಾರಕ್ಕೆ ಒಂದು ಮಂದೆ, ಮೊಳಕಾಲ್ಮೂರು ತಾಲ್ಲೂಕಿನ ಒಬ್ಬ ಶೇಂಗಾ ಬೆಳೆಗಾರರ ಹೊಲಕ್ಕೆ.

ಆ ಭಾನುವಾರ ಮಧ್ಯಾಹ್ನಕ್ಕೆ ಸರಿಯಾಗಿ ಯಜಮಾನರು, ಆ ರೈತ, ಆ ಕುರಿಗಾರ, ಮೂವರೂ ನಮ್ಮ ಮಹಡಿ ಹತ್ತಿ ಬಂದರು. ಅಷ್ಟು ಹೊತ್ತಿಗೆ ಫೋನಿನಲ್ಲೇ ಬೈಸಿಕೊಂಡು ನಾವೂ ಓಡಿಬಂದಿದ್ದೆವು. ರೈತನ ಹೊಲದಲ್ಲಿ ಕಾಯಿ ಬಿಡಿಸಿದ ಶೇಂಗಾ ಬಳ್ಳಿಯ ಗುಡ್ಡೆಯಿತ್ತು. ಅದು ಅವನ ದನಕರುಗಳ ಮೇವು. ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಮನೆಗೆ ಸಾಗಿಸಿ, ಸಂಜೆ ಬರುವ ಮಂದೆಗೆ ಜಾಗ ಬಿಡುವುದು ಅವನ ಲೆಕ್ಕ. ಆದರೆ ಮಂದೆ ಶನಿವಾರ ಸಂಜೆಯೇ ಬಂದು ಬಲೆಯೊಳಗೆ ಬಳ್ಳಿಯ ಗುಡ್ಡೆಯ ಸಮೇತ ಬಿಡಾರ ಹೂಡಿತ್ತು! ಬೆಳಿಗ್ಗೆ ಟ್ರ್ಯಾಕ್ಟರ್ ತಂದವನಿಗೆ ಸಿಕ್ಕಿದ್ದು ಹೊಟ್ಟೆ ಬಿರಿಯುವಂತೆ ತಿಂದು ಮಲಗಿದ ಕುರಿಗಳು.

"ಬಳ್ಳಿ ಇದ್ದ ಜಾಗದಾಗೆ ಗೊಬ್ಬರ ಐತ್ರಿ!" ಎಂದು ರೈತ ಫೋನ್ ಚಾಚಿದ. "ನಾನು ಒತ್ತಿದ್ದು ಭಾನುವಾರ. ನೋಡ್ರಿ ಬೇಕಾದ್ರೆ."

"ನನಗೆ ಬಂದಿದ್ದೂ ಭಾನುವಾರನೇ" ಎಂದು ಕುರಿಗಾರನೂ ಫೋನ್ ಚಾಚಿದ. "ಭಾನುವಾರದ ಮಂದೆ ಅಂತ ಕನ್ನಡದಾಗೆ ಬರ್ದೈತೆ. ಭಾನುವಾರದ ಮಂದೆ ಅಂದ್ರೆ ಶನಿವಾರ ಸಂಜೆ ಕೂಡಿ ಭಾನುವಾರ ಮುಂಜಾನೆ ಎಬ್ಬಿಸೋದು. ನಮ್ಮಪ್ಪನ ಕಾಲದಿಂದ ಹಂಗೇ."

"ಶನಿವಾರ ಸಂಜೆ ಹೆಂಗಯ್ಯಾ ಭಾನುವಾರ ಆಗ್ತದೆ?"

"ಮಂದೆ ಏಳೋ ದಿನ ತಾನೇ ಅದರ ದಿನ?"

ಆಗ ನಮಗೆ ಹೊಳೆಯಿತು. ಬೇಸಾಯದ ಮನೆಯ ಅನಿತಾ ಮಂದೆ ಬರುವ ದಿನವನ್ನು ಎಣಿಸಿದ್ದಳು. ಕುರಿಗಾರರ ಮನೆಯ ಓಬಳೇಶ ಮಂದೆ ಏಳುವ ದಿನವನ್ನು ಎಣಿಸಿದ್ದ. ಇಬ್ಬರಿಗೂ ಇನ್ನೊಂದು ಲೆಕ್ಕವಿದೆ ಎಂಬ ಅನುಮಾನವೇ ಬಂದಿರಲಿಲ್ಲ. ಬರುವುದಾದರೂ ಹೇಗೆ? ಭಾನುವಾರ ಎಂದರೇನು ಎಂದು ಯಾರಾದರೂ ಯಾರನ್ನಾದರೂ ಕೇಳುತ್ತಾರೆಯೇ?

ಯಜಮಾನರಿಗೆ ಇದಾವುದೂ ಬೇಕಿರಲಿಲ್ಲ. ಮೊದಲ ಬುಕಿಂಗಿನಲ್ಲೇ ಅವರ ಮಾನ ಹೋಗಿತ್ತು. "ಶನಿವಾರವೇ ಮಂದೆ ಹೊರಡಿಸಿದ ಆ ಕುರಿಗಾರರ ಸ್ಕ್ರೀನ್ ಬರ್ದೋರು ಯಾರ್ರೀ? ಅವ್ರನ್ನ ಇವತ್ತೇ ತೆಗೀರಿ. ಇಲ್ಲಾಂದ್ರೆ ನಮ್ಮ ಕೆಲ್ಸ ಬೇರೆ ಕಡೆ ಕೊಡ್ತೀನಿ."

ಓಬಳೇಶ ಎದ್ದು ನಿಂತ. "ನೇನೇ... ನಾನೇ ರೀ" ಎಂದ.

"ಕೂತ್ಕೊಳೋ" ಎಂದರು ಭಾವ. ದನಿ ಏರಿಸಲಿಲ್ಲ. ಯಜಮಾನರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಮದುವೆಯ ಹಸೆಮಣೆಯ ಮೇಲೂ ನೋಡಿರಲಿಲ್ಲ.

"ಯಜಮಾನ್ರೇ, ಈ ಆಫೀಸಿನಾಗೆ ಬಟನ್ ಬಣ್ಣಕ್ಕೆ ಕಟ್ಟಳೆ ಐತೆ. ಖಾಲಿ ಜಾಗಕ್ಕೆ ಐತೆ. ತಾರೀಖು ಹೆಂಗೆ ಬರೀಬೇಕು ಅನ್ನೋದಕ್ಕೂ ಐತೆ. ಒಂದು ರಾತ್ರಿ ಯಾವ ದಿನಕ್ಕೆ ಸೇರ್ತದೆ ಅನ್ನೋದಕ್ಕೆ ಇಲ್ಲ. ತಪ್ಪು ನಂದು."

"ಆ ಸ್ಕ್ರೀನ್ ನೀವು ಬರೆದ್ರಾ?"

"ಸ್ಕ್ರೀನ್ ನೋಡಿ ಒಪ್ಪಿದೋನು ನಾನು. ಕಟ್ಟಳೆ ಬರೀಬೇಕಾದೋನೂ ನಾನೇ, ಬರೀಲಿಲ್ಲ. ಯಾರನ್ನಾದ್ರೂ ತೆಗೀಲೇಬೇಕು ಅಂದ್ರೆ ನನ್ನ ತೆಗೀರಿ."

"ನಿಮ್ಮನ್ನ ಹೆಂಗ್ರೀ ತೆಗೆಯೋದು? ಇಲ್ಲಿ ಯಜಮಾನ್ರು ನೀವೇ ಅಲ್ವಾ?"

"ಅದಕ್ಕೇ ಹೇಳ್ತಿರೋದು. ಈ ಹುಡುಗ ಇಲ್ಲೇ ಇರ್ತಾನೆ. ಇವತ್ತೇ ಖಾಯಂ ಮಾಡಿದೀನಿ. ಕುರಿಗಾರರು ದಿನ ಹೆಂಗೆ ಎಣಿಸ್ತಾರೆ ಅಂತ ಗೊತ್ತಿರೋನು ನಮ್ಮಲ್ಲಿ ಇವನೊಬ್ಬನೇ. ಇವನ್ನ ಕಳಿಸಿ ನಾನು ಯಾರನ್ನ ಕೇಳ್ಲಿ?"

ಯಜಮಾನರು ಟೋಪಿ ತೆಗೆದು ತಲೆ ಕೆರೆದುಕೊಂಡರು. ವ್ಯಾಪಾರಿಗೆ ಲಾಭ ಎಲ್ಲಿದೆಯೆಂದು ಹೇಳಿಕೊಡಬೇಕೇ? ಸಂಜೆಯೊಳಗೆ ಸರಿಮಾಡಿ, ಇನ್ನೊಂದು ಮಂದೆ ಹೊರಡುವುದರಲ್ಲಿದೆ ಎಂದು ಎದ್ದರು. ಕುರಿಗಾರ ಅದೇ ಹೊಲದಲ್ಲಿ ಇನ್ನೊಂದೆರಡು ರಾತ್ರಿ ಪುಕ್ಕಟೆ ಮಂದೆ ನಿಲ್ಲಿಸುವುದಾಗಿ ಒಪ್ಪಿಕೊಂಡ. ಹೋದ ಮೇವಿಗೆ ಬದಲಾಗಿ ಒಂದು ಟ್ರ್ಯಾಕ್ಟರ್ ಶೇಂಗಾ ಬಳ್ಳಿ ಕಳಿಸುತ್ತೇನೆಂದು ಭಾವ ರೈತನಿಗೆ ಮಾತು ಕೊಟ್ಟರು. ಯಾರ ಬಳ್ಳಿ? ನಮ್ಮಪ್ಪನ ಹೊಲದ್ದು! ಮಾವನ ಮೇವಿನಲ್ಲಿ ದಾನಶೂರನಾಗುವುದಕ್ಕೆ ಯಾವ ಕಟ್ಟಳೆಯೂ ಅಡ್ಡಬರಲಿಲ್ಲ.

ಅವರೆಲ್ಲ ಇಳಿದುಹೋದ ಮೇಲೆ ಭಾವ ಓಬಳೇಶನ ಕಡೆ ತಿರುಗಿದರು. "ಮಂದೆಗೆ ಒಂದು ದಿನ ಬ್ಯಾಡ. ಯಾವತ್ತು ಸಂಜೆ ಬರ್ತದೆ, ಯಾವತ್ತು ಮುಂಜಾನೆ ಏಳ್ತದೆ, ಎರಡೂ ಸ್ಕ್ರೀನಿನಾಗೆ ಎರಡೂ ಬರ್ಬೇಕು. ಕಟ್ಟಳೆ ನೀನೇ ಬರಿ, ಕೋಡೂ ನೀನೇ ಬರಿ. ಅನಿತಾ ಜೊತೆಗಿರ್ತಾಳೆ" ಎಂದು ಹೇಳಿ ಮೆಟ್ಟಿಲಿಳಿದು ಹೋಗಿಬಿಟ್ಟರು.

ಎಷ್ಟು ಹೊತ್ತಾದರೂ ಬರಲಿಲ್ಲ. ಅಪ್ಪನ ಬಳ್ಳಿಯ ವಿಷಯಕ್ಕೆ ಒಂದು ಜಗಳ ತೆಗೆಯೋಣವೆಂದು ನಾನೂ ಇಳಿದೆ. ಭಾವ ಮಿಲ್ಲಿನ ಹಳೇ ಕಟ್ಟೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ನನ್ನನ್ನು ನೋಡಿ ಮುಖ ತಿರುಗಿಸಲೂ ಇಲ್ಲ.

"ದಾವಣಗೆರೆಯಾಗೆ ಕೆಲಸಕ್ಕಿದ್ನಲ್ಲ, ಅಲ್ಲಿ ಒಂದ್ಸಲ ನಂದೂ ಒಂದು ಸ್ಕ್ರೀನ್ ತಪ್ಪಾಗಿತ್ತು ಕಣೋ" ಎಂದರು. "ಎಲ್ಲರ ಎದುರಿಗೆ ನಿಲ್ಲಿಸಿ ಕೇಳಿದ್ರು, ಯಾರು ಬರ್ದಿದ್ದು ಅಂತ. ನೋಡಿ ಒಪ್ಪಿದೋರು ಅಲ್ಲೇ ಇದ್ರು. ಎಲ್ಲ ಮೇಜು ನೋಡ್ತಾ ಕೂತಿದ್ರು. ಅವತ್ತೇ ಮನೆಗೆ ಕಳಿಸಿದ್ರು ನನ್ನ. ನಿಮ್ಮಕ್ಕಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ದಿನಾ ಬುತ್ತಿ ಕಟ್ಟಿಸ್ಕೊಂಡು ಹೋಗಿ ಬಸ್ ಸ್ಟ್ಯಾಂಡಿನಾಗೆ ಕೂತು ಸಂಜೆ ಬರ್ತಿದ್ದೆ."

ಅಪ್ಪನ ಬಳ್ಳಿಯ ಜಗಳ ಮರೆತೇಹೋಯಿತು. ಈ ಮನುಷ್ಯನ ಮೇಲೆ ನನಗೆ ಇಷ್ಟೊಂದು ಪ್ರೀತಿಯಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತೆ.

"ಕೆಲಸ ಹೋಗಿದ್ದಕ್ಕೆ ಅಲ್ಲ ಕಣೋ" ಎಂದರು ಭಾವ. "ಒಬ್ರು, ಒಬ್ರಾದ್ರೂ ಎದ್ದು 'ಅದನ್ನ ನಾನೂ ನೋಡಿದ್ದೆ' ಅಂದಿದ್ರೆ ಸಾಕಾಗಿತ್ತು."

ಮಹಡಿಯ ಕಿಟಕಿಯಿಂದ ಓಬಳೇಶ ಬಗ್ಗಿ ಕೂಗಿದ. "ಸಾರ್, ಆಯ್ತು. ನೋಡ್ತೀರಾ?"

"ಬಂದೆ ಕಣಪ್ಪಾ" ಎಂದು ಭಾವ ಕನ್ನಡಕ ಹಾಕಿಕೊಂಡು ಎದ್ದರು.

"ತಡೀರಿ ಭಾವ" ಎಂದೆ. "ನಾನೂ ನೋಡ್ತೀನಿ."